ಮೂವತ್ತೆರಡನೇ ಎಕ್ಸ್‌ಟೆನ್ಶನ್

ಶಿಕೆಂಗ್ ಅಣೆಕಟ್ಟೆಯ ಕಚೇರಿಗೆ ಇದ್ದದ್ದು ಒಂದೇ ಎಕ್ಸ್‌ಟೆನ್ಶನ್, ಮೂವತ್ತೆರಡು. ಅದಕ್ಕೆ ಕರೆ ಬಂದರೆ ಮೇಜಿನ ಮೇಲಿನ ಫೋನು ಬಡಿದುಕೊಳ್ಳುತ್ತಿತ್ತು. ಇಂಜಿನಿಯರ್ ತು ಪೇ-ರೂಳ ಮೊಬೈಲೂ ಬಡಿದುಕೊಳ್ಳುತ್ತಿತ್ತು. ಗೇಟು ನೋಡಿಕೊಳ್ಳುವ ಪಾನ್ ನಾಲೆಯ ಯಾವ ಮೂಲೆಯಲ್ಲಿದ್ದರೂ ಅವನ ಜೇಬಿನಿಂದಲೂ ಅದೇ ಸದ್ದು. ಯಾರು ಮೊದಲು ಎತ್ತಿದರೆ ಕರೆ ಅವರದು, ಉಳಿದ ಫೋನುಗಳು ಆ ಕ್ಷಣವೇ ಸುಮ್ಮನಾಗುತ್ತಿದ್ದವು. ಈ ಏರ್ಪಾಟು ಮಾಡಿದವಳು ಪೇ-ರೂ. ಅದಕ್ಕೆ ಮೊದಲು ಮೇಜಿನ ಫೋನು ಕಾಯುವುದಕ್ಕೆಂದೇ ಒಬ್ಬರು ಬೇರೆ ಕೆಲಸ ಬಿಟ್ಟು ಕೂರಬೇಕಾಗಿತ್ತು. ಹಾಗಾಗಿ ನಮ್ಮ ಕಣಿವೆಯಲ್ಲಿ ಎಲ್ಲರೂ ಅವಳನ್ನು ಹೊಗಳಿದ್ದರು.

ನಾಲ್ಕನೆಯ ಫೋನೂ ಒಂದಿತ್ತು. ಅದು ಕೋ ಜಿನ್-ಶುಯಿಯ ಮನೆಯಲ್ಲಿತ್ತು. ಜಿನ್-ಶುಯಿ ಆಯುಷ್ಯವೆಲ್ಲ ಅಣೆಕಟ್ಟೆಯ ಗೇಟು ಏರಿಸಿ ಇಳಿಸಿ, ಈ ವಸಂತದಲ್ಲಿ ನಿವೃತ್ತನಾದವನು. ಅವನು ಹೊರಡುವ ದಿನ ಪೇ-ರೂ ಕಚೇರಿಯಲ್ಲಿ ಬಳಸದೆ ಬಿದ್ದಿದ್ದ ಒಂದು ಮೊಬೈಲನ್ನು ಅದೇ ಎಕ್ಸ್‌ಟೆನ್ಶನ್‌ಗೆ ಜೋಡಿಸಿ ಅವನ ಕೈಗಿಟ್ಟಳು.

"ಅಣ್ಣಾ, ಬಿರುಗಾಳಿ ದಿನ ನನ್ ಕೈ ನಡುಗಿದ್ರೆ ನೀವು ಲೈನಲ್ಲಿರ್ಬೇಕು," ಅಂದಳು.

"ಪಿಂಚಣಿ ತಗೊಂಡೋನಿಗೆ ಚಾಕರಿ ತಪ್ಪಲಿಲ್ಲ ಅನ್ನು," ಎಂದು ಜಿನ್-ಶುಯಿ ನಗುತ್ತ ಜೇಬಿಗೆ ಹಾಕಿಕೊಂಡ.

ಜುಲೈ ತಿಂಗಳ ಬಿರುಗಾಳಿಯಲ್ಲಿ ಅವನು ನಿಜಕ್ಕೂ ಲೈನಿನಲ್ಲಿದ್ದ. ಯಾವ ಗೇಟು ಮೊದಲು, ಎಷ್ಟು ಎಂದು ಪೇ-ರೂ ಕೇಳುತ್ತಿದ್ದಳು, ಅವನು ಹೇಳುತ್ತಿದ್ದ. ಅದು ವಿಭಾಗದ ಮುಖ್ಯಸ್ಥ ಶಾವ್‌ನ ಕಿವಿಗೆ ಬಿತ್ತು. ಶಾವ್ ಪಟ್ಟಣದ ಮುಖ್ಯ ಕಚೇರಿಯಲ್ಲಿ ಕೂರುವವನು. ನಿವೃತ್ತನಾದವನು ಸರ್ಕಾರಿ ಗೇಟಿನ ವಿಷಯದಲ್ಲಿ ಬಾಯಿ ಹಾಕಿದ ಎಂದು ನಾಳೆ ಯಾರಾದರೂ ದೂರು ಕೊಟ್ಟರೆ ಉತ್ತರ ಹೇಳಬೇಕಾದವನು ತಾನು ಎಂದು ಅವನಿಗೆ ಅಳುಕು. "ಆ ಫೋನನ್ನ ಲೈನಿಂದ ತೆಗೆದುಹಾಕು, ಪೇ-ರೂ," ಅಂದ. ಅವಳು "ಆಯ್ತು ಸರ್" ಅಂದಳು. ತೆಗೆಯಲಿಲ್ಲ. ಮಳೆಗಾಲ ಕಳೆಯಲಿ, ಆಮೇಲೆ ತೆಗೆದರಾಯಿತು ಎಂದುಕೊಂಡಳು. ಅಷ್ಟರಲ್ಲಿ ಜಿನ್-ಶುಯಿಗೂ ಆ ಫೋನಿನ ಮೇಲೆ ಆಸ್ಥೆ ಕಡಿಮೆಯಾಗಿ, ಅದು ಅವನ ಮನೆಯ ಟೀವಿ ಪಕ್ಕದಲ್ಲಿ ಚಾರ್ಜಿಗೆ ಸಿಕ್ಕಿಸಿದಂತೆಯೇ ಉಳಿದಿತ್ತು. ಇದು ಪೇ-ರೂಗೆ ಗೊತ್ತಿರಲಿಲ್ಲ.

ಅದೇ ಬಿರುಗಾಳಿ ಬೆಟ್ಟದ ಮೇಲಿನ ಮಳೆ ಅಳೆಯುವ ಯಂತ್ರವನ್ನೂ ಕೊಚ್ಚಿಕೊಂಡು ಹೋಗಿತ್ತು. ಹೊಸದು ಬರುವ ತನಕ ಮೇಲಿನ ಸುದ್ದಿಯೆಂದರೆ ಯುಮಿನ್ ಒಬ್ಬನೇ. ಅವನು ಬೆಟ್ಟದ ಮೂಲನಿವಾಸಿಗಳಾದ ಅತಾಯಲ್ ಜನದವನು. ಹೊಳೆ ಹುಟ್ಟುವ ಕಡೆಯ ಕಾವಲು ಕೊಠಡಿಯಲ್ಲಿ ಕೂತು, ನೀರು ಏರಿದಾಗ ಮೂವತ್ತೆರಡಕ್ಕೆ ಫೋನು ಮಾಡುತ್ತಿದ್ದ. ಅಲ್ಲಿ ಮೊಬೈಲು ಹಿಡಿಯುವುದಿಲ್ಲ, ತಂತಿಯ ಫೋನೊಂದೇ. ಅವನ ಕರೆ ಬಂದ ಮೇಲೆ ನೀರು ಕೆಳಗಿಳಿಯಲು ಒಂದು ತಾಸಾದರೂ ಹಿಡಿಯುತ್ತಿತ್ತು. ಆ ತಾಸಿನಲ್ಲಿ ಸೈರನ್ ಹಾಕಿ, ಕೆಳಗಿನ ಹೊಳೆದಂಡೆಯ ಜನರನ್ನು ಎಬ್ಬಿಸಿ, ಗೇಟುಗಳನ್ನು ಸ್ವಲ್ಪಸ್ವಲ್ಪವಾಗಿ ತೆರೆಯಬೇಕು. ತೆರೆಯದೆ ಬಿಟ್ಟರೆ, ನೀರು ಕೆಂಪು ಗೆರೆ ದಾಟಿದ ಕೂಡಲೇ ಗೇಟುಗಳೆಲ್ಲ ತಾವಾಗಿ ಒಟ್ಟಿಗೆ ಕೆಳಗೆ ಮಲಗಿ ನೀರನ್ನೆಲ್ಲ ಒಮ್ಮೆಲೇ ಬಿಟ್ಟುಬಿಡುತ್ತವೆ. ಕಟ್ಟೆ ಒಡೆಯದಿರಲಿ ಎಂದು ಮಾಡಿದ ವ್ಯವಸ್ಥೆ ಅದು. ಆಗ ಕೆಳಗೆ ಯಾರಿದ್ದಾರೆ ಎಂದು ನೀರು ನೋಡುವುದಿಲ್ಲ.

ಆಗಸ್ಟಿನಲ್ಲಿ ಸಿಡಿಲು ಬಡಿದು ಸೈರನ್ ಸುಮ್ಮಸುಮ್ಮನೆ ಕೂಗಿತ್ತು. ಗಾಬರಿಯಲ್ಲಿ ಓಡಿದ ಹೆಂಗಸೊಬ್ಬಳು ಕಾಲು ಮುರಿದುಕೊಂಡಳು. ಪತ್ರಿಕೆಯಲ್ಲಿ ಬಂತು. ಅಂದಿನಿಂದ ಶಾವ್‌ನ ಅಪ್ಪಣೆ: ಯುಮಿನ್‌ನಿಂದ ಮಾತು ಬರದೆ ಸೈರನ್ನಿನ ಗುಂಡಿ ಮುಟ್ಟುವಂತಿಲ್ಲ.

ನಡುಶರತ್ಕಾಲದ ಹಬ್ಬಕ್ಕೆ ಹಿಂದಿನ ಶನಿವಾರ. ಕೆಳಗಿನ ಹೊಳೆದಂಡೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮನೆಮಂದಿಯೆಲ್ಲ ಬಂದು, ಕಲ್ಲುಗಳ ನಡುವೆ ಇದ್ದಿಲು ಉರಿಸಿ ಮಾಂಸ ಸುಡುತ್ತಿದ್ದರು. ಮಕ್ಕಳ ತಲೆಯ ಮೇಲೆ ಹಬ್ಬದ ವಾಡಿಕೆಯಂತೆ ಚಕ್ಕೋತದ ಸಿಪ್ಪೆಯ ಟೋಪಿ. ಬಿಸಿಲು ಚುರುಗುಟ್ಟುತ್ತಿತ್ತು. ಬೆಟ್ಟದ ನೆತ್ತಿಯ ಮೇಲೆ ಮೋಡ ಕವಿದಿತ್ತು, ಆದರೆ ಈ ತಿಂಗಳುಗಳ ಮಧ್ಯಾಹ್ನಗಳಲ್ಲಿ ಅದು ದಿನವೂ ಕವಿಯುತ್ತದೆ.

ಪೇ-ರೂ ಊಟದ ಡಬ್ಬಿ ತೆರೆದಿದ್ದಳು. ಫೋನು ಬಡಿಯಿತು. ಕೈ ಒರೆಸಿಕೊಂಡು ಚಾಚುವಷ್ಟರಲ್ಲಿ ನಿಂತಿತು. ಪಾನ್ ಎತ್ತಿರಬೇಕು ಎಂದುಕೊಂಡು ಅವಳು ಊಟ ಮುಂದುವರಿಸಿದಳು. ಸ್ವಲ್ಪ ಹೊತ್ತಿಗೆ ಕಟ್ಟೆಯ ಮೇಲೆ ನಡೆದು ಹೋಗುವಾಗ ಜೇಬಿನಲ್ಲಿ ಮತ್ತೆ ಸದ್ದಾಗಿ ನಿಂತಿತು. ಆಮೇಲೆ ಇನ್ನೊಮ್ಮೆ. ಏನಾದರೂ ಮುಖ್ಯ ವಿಷಯವಿದ್ದರೆ ಪಾನ್ ಹೇಳುತ್ತಾನೆ. ಅವನು ಬಾಯಿಬಡುಕ, ಆದರೆ ಕೆಲಸದಲ್ಲಿ ಮೈಗಳ್ಳನಲ್ಲ.

ಅವಳು ಕಟ್ಟೆಯ ಹಿಂದಿನ ನೀರು ನೋಡಿದಳು. ಬೆಳಿಗ್ಗೆ ತಿಳಿಯಾಗಿದ್ದದ್ದು ಈಗ ಅಂಚಿನಲ್ಲಿ ಚಹಾದ ಬಣ್ಣಕ್ಕೆ ತಿರುಗಿತ್ತು. ಒಂದು ಕೊಂಬೆ ತೇಲಿ ಬಂದು ಗೇಟಿಗೆ ತಗುಲಿ ನಿಂತಿತು. ಅದರ ಎಲೆಗಳು ಇನ್ನೂ ಹಸಿರಾಗಿದ್ದವು.

ಅಷ್ಟರಲ್ಲಿ ಪಾನ್ ನಾಲೆಯ ಬಾಯಿಯಲ್ಲಿ ಸಿಕ್ಕಿಕೊಂಡ ಕಸ ತೆಗೆದು, ಒದ್ದೆ ಕೈಗವಸು ಹಿಂಡುತ್ತ ಬಂದ.

"ಏನಂತೆ ಇಂಜಿನಿಯರಮ್ಮ, ಯುಮಿನ್‌ದು ಇವತ್ತು ಮಾತೋ ಮಾತು? ಅವನಿಗೂ ಹಬ್ಬಕ್ಕೆ ಮಾಂಸ ಬೇಕಂತಾ?"

"ನನ್ನ ಯಾಕೆ ಕೇಳ್ತೀರಾ? ನೀವೇ ತಗೊಂಡ್ರಲ್ಲ."

"ನಾನೆಲ್ಲಿ ತಗೊಂಡೆ? ಕೈಯೆಲ್ಲ ಕೆಸರು. ನೀವು ಎತ್ತಿದ್ರಿ ಅಂತ ಸುಮ್ನಿದ್ದೆ."

ಪೇ-ರೂ ಒಳಗೆ ಓಡಿ ಮೇಜಿನ ಫೋನಿನ ಪರದೆ ನೋಡಿದಳು. ತಪ್ಪಿಹೋದ ಕರೆ ಒಂದೂ ಇರಲಿಲ್ಲ. ಬಂದ ಕರೆಗಳೆಲ್ಲ ಯುಮಿನ್‌ನ ಕೊಠಡಿಯಿಂದ, ಪ್ರತಿಯೊಂದರ ಮುಂದೆಯೂ ಉತ್ತರಿಸಲಾಗಿದೆ ಎಂಬ ಗುರುತು. ಅವಳು ಯುಮಿನ್‌ನ ನಂಬರು ಒತ್ತಿದಳು. ಅದು ರಿಂಗಾಯಿತು, ರಿಂಗಾಗುತ್ತಲೇ ಇತ್ತು. ಎತ್ತುವವರಿರಲಿಲ್ಲ.

"ಕೊಠಡೀಲಿ ಅವನಿಲ್ಲ," ಅಂದಳು. "ಪಾನ್ ಅಣ್ಣ, ನಾನೀಗ ನನ್ನ ಸ್ವಂತ ನಂಬರಿಂದ ಮೂವತ್ತೆರಡಕ್ಕೆ ಫೋನ್ ಮಾಡ್ತೀನಿ. ಯಾವುದೂ ಎತ್ತಬೇಡಿ. ಏನೇ ಆದ್ರೂ ಎತ್ತಬೇಡಿ."

ಮೇಜಿನ ಫೋನು ಬಡಿಯಿತು. ಪಾನ್‌ನ ಜೇಬು ಬಡಿಯಿತು. ಇಬ್ಬರೂ ಕೈ ಕಟ್ಟಿ ಅದನ್ನೇ ನೋಡುತ್ತ ನಿಂತರು. ಬಡಿಯುತ್ತ ಬಡಿಯುತ್ತ, ಯಾರೂ ಮುಟ್ಟದೆ, ಎರಡೂ ಒಟ್ಟಿಗೆ ನಿಂತವು. ಪೇ-ರೂಳ ಕಿವಿಯಲ್ಲಿ ಟೀವಿಯ ಸದ್ದು ಕೇಳಿಸಿತು, ಅದರ ಮೇಲೆ ಒಂದು ಮುದಿ ದನಿ.

"ಯಾರದು? ಊಟ ಆಯ್ತಾ?"

ಜಿನ್-ಶುಯಿಯ ತಾಯಿ. ತೊಂಬತ್ತರ ಹತ್ತಿರದ ಜೀವ. ಆಡುವುದು ಹಳೆಯ ತೈವಾನಿ ಮಾತು, ಯುಮಿನ್ ಫೋನಿನಲ್ಲಿ ಆಡುವ ಮ್ಯಾಂಡರಿನ್ ಕಿವಿಗೆ ಅರ್ಧಂಬರ್ಧ. ನೆನಪೂ ಹಾಗೆಯೇ, ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ.

ಪೇ-ರೂ ದನಿ ಏರದಂತೆ ಹಿಡಿದುಕೊಂಡು, ಅದೇ ತೈವಾನಿಯಲ್ಲಿ ಮಾತಾಡಿದಳು. "ಆಯ್ತಜ್ಜಿ. ನಾನು ಪೇ-ರೂ, ಕಟ್ಟೆ ಆಫೀಸಿನವಳು. ಅಜ್ಜಿ, ಆಗಿಂದ ಯಾರಾದ್ರೂ ಫೋನ್ ಮಾಡಿದ್ರಾ?"

"ಮಾಡ್ದ ಕಣಮ್ಮ. ಯಾರೋ ಬೆಟ್ಟದವನು. ಒಳ್ಳೆ ಹುಡುಗ, ಜೋರಾಗಿ ಮಾತಾಡ್ತಾನೆ. ನೀರು ಬರ್ತಿದೆ, ನೀರು ಬರ್ತಿದೆ ಅಂದ."

"ನೀವೇನಂದ್ರಿ ಅಜ್ಜಿ?"

"ನಮ್ಮನೇಲಿ ನೀರು ಬರ್ತಾನೇ ಇದೆ, ನಲ್ಲಿ ಚೆನ್ನಾಗಿದೆ, ಮಗ ಬಂದ್ಮೇಲೆ ಹೇಳ್ತೀನಿ ಅಂದೆ. ಮತ್ತೆ ಮಾಡ್ದ. ಎಷ್ಟು ಸಲ ಹೇಳೋದು? ಸಾಕು ಮಗಾ, ನನ್ ಧಾರಾವಾಹಿ ಬರ್ತಿದೆ ಅಂತ ಇಟ್ಟೆ."

"ಜಿನ್-ಶುಯಿ ಅಣ್ಣ ಎಲ್ಲಿ?"

"ಹೊಳೆಗೆ ಹೋಗಿದಾನೆ. ಸೊಸೆ, ಮೊಮ್ಮಕ್ಕಳು ಎಲ್ರೂ. ಮಾಂಸ ಸುಡ್ತಾರಂತೆ. ನನ್ನ ಬಿಸಿಲು ಅಂತ ಕರ್ಕೊಂಡು ಹೋಗ್ಲಿಲ್ಲ."

ಪೇ-ರೂ ಜಿನ್-ಶುಯಿಯ ಸ್ವಂತ ಮೊಬೈಲಿಗೆ ಫೋನು ಮಾಡಿದಳು. ಎತ್ತಲಿಲ್ಲ. ಶಾವ್‌ಗೆ ಮಾಡಿದಳು. ಅವನು ಅಳಿಯನ ಮನೆಯಲ್ಲಿದ್ದ, ಹಿಂದೆ ಜನರ ಗದ್ದಲ. ಅವಳು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು, ಬಾಗಿಲು ಹಾಕಿದ ಸದ್ದಾದ ಮೇಲೆ ಮಾತಾಡಿದ.

"ಆ ಫೋನು ಇನ್ನೂ ಲೈನಲ್ಲಿದೆಯಾ?"

"ಇದೆ ಸರ್."

"ನಾನು ತೆಗಿ ಅಂದಿದ್ದೆ."

"ಅಂದಿದ್ರಿ. ತೆಗೀಲಿಲ್ಲ. ಸರ್, ಸೈರನ್ ಹಾಕ್ಬೇಕು."

"ಯುಮಿನ್ ನಿನ್ ಹತ್ರ ಮಾತಾಡಿಲ್ಲ. ಎಷ್ಟು ನೀರು ಅಂತ ಗೊತ್ತಿಲ್ಲ. ಮರೆವಿನ ಮುದುಕಿ ನಲ್ಲಿ ನೀರು ಅಂದ್ಲು ಅಂತ ಹಬ್ಬದ ಜನಾನ ಓಡಿಸ್ತೀಯಾ? ಹೋದ ತಿಂಗಳದ್ದು ಮರೆತ್ಯಾ? ಮೊದಲು ಯುಮಿನ್ ಸಿಗ್ಲಿ."

"ಸಿಗ್ತಿಲ್ಲ ಸರ್. ಹೊಳೆ ಬಣ್ಣ ಬದಲಾಗಿದೆ."

"ಐದು ನಿಮಿಷ ನೋಡು. ಆಮೇಲೆ ನನಗೆ ಹೇಳು."

ಕಿಟಕಿಯಾಚೆ ಪಾನ್ ಬಗ್ಗಿ ನೀರಿನ ಮಟ್ಟದ ಪಟ್ಟಿ ನೋಡುತ್ತಿದ್ದ. ತಲೆಯೆತ್ತಿ, ಒಂದು ಗೇಣು ಏರಿದೆ ಎಂದು ಕೈಯಲ್ಲೇ ತೋರಿಸಿದ. ಅವಳು ಊಟಕ್ಕೆ ಕೂತಾಗ ಇಲ್ಲದ ಗೇಣು ಅದು.

"ಹಾಕ್ತಿದೀನಿ ಸರ್," ಎಂದು ಫೋನು ಇಟ್ಟು ಪೇ-ರೂ ಗುಂಡಿ ಒತ್ತಿದಳು.

ಸೈರನ್ ಕಣಿವೆಯ ಉದ್ದಕ್ಕೂ ಊಳಿಟ್ಟಿತು. ಪಾನ್ ಧ್ವನಿವರ್ಧಕ ಹೆಗಲಿಗೆ ಹಾಕಿಕೊಂಡು ಸ್ಕೂಟರ್ ಹತ್ತಿದ. ದಂಡೆಯಲ್ಲಿ ಅವನು ಕಂಡದ್ದು ಅವಳು ಹೆದರಿದ್ದಂತೆಯೇ ಇತ್ತು. ಜನ ಒಮ್ಮೆ ತಲೆಯೆತ್ತಿ ಆಕಾಶ ನೋಡಿದರು. ಬಿಸಿಲಿತ್ತು. "ಮತ್ತೆ ಕೆಟ್ಟಿದೆ ಇವರ ಸೈರನ್," ಎಂದು ಒಬ್ಬ ಮಾಂಸ ಮಗುಚಿದ. "ಹಬ್ಬದ ಹೊತ್ತಲ್ಲೂ ಬಿಡಲ್ಲ," ಎಂದಳು ಇನ್ನೊಬ್ಬಳು. ಹತ್ತಿರದ ಕೆಲವರು ಚಾಪೆ ಮಡಿಸತೊಡಗಿದರು, ಉಳಿದವರು ಅವರನ್ನು ನೋಡಿ ನಕ್ಕರು.

ಕಚೇರಿಯ ಫೋನು ಬಡಿಯಿತು. ಪೇ-ರೂ ಸದ್ದು ಪೂರ್ತಿಯಾಗುವ ಮೊದಲೇ ಕಿತ್ತುಕೊಂಡಳು, ಮುದುಕಿಗಿಂತ ಮೊದಲು. ಜಿನ್-ಶುಯಿ.

"ಯಾರು ಹಾಕಿದ್ದು ಸೈರನ್?"

"ನಾನು."

"ನಿಜವಾದ್ದಾ?"

"ಯುಮಿನ್ ಸಿಗ್ತಿಲ್ಲ ಅಣ್ಣ. ಅವನು ಮಾಡಿದ ಫೋನೆಲ್ಲ ನಿಮ್ಮಮ್ಮ ಎತ್ತಿದಾರೆ."

ಆ ಕಡೆ ಅವನ ಹಿಂದೆ ಮಕ್ಕಳ ಕೇಕೆ ಕೇಳಿಸುತ್ತಿತ್ತು.

"ನೀರು ಹೆಂಗಿದೆ?"

"ಕಂದು. ಹಸಿ ಕೊಂಬೆಗಳು ಬರ್ತಿವೆ."

"ಸರಿ, ಫೋನಿಡು. ಗೇಟು ತೆಗೀಬೇಡ ಈಗ್ಲೇ. ನಡುಗಡ್ಡೇಲಿ ಜನ ಇದ್ದಾರೆ."

ಜಿನ್-ಶುಯಿ ಮೊದಲು ಹೆಂಡತಿ ಮಕ್ಕಳನ್ನು ರಸ್ತೆಗೆ ಹತ್ತಿಸಿದ. ಆಮೇಲೆ ಒಂದು ಬಕೆಟ್ ಹಿಡಿದುಕೊಂಡು, ಕಂಡ ಕಂಡ ಒಲೆಗಳ ಮೇಲೆಲ್ಲ ಹೊಳೆಯ ನೀರು ಸುರಿಯುತ್ತ ಹೋದ. ಹೇಳಿದರೆ ಏಳದ ಜನ ಇದಕ್ಕೆ ಎದ್ದರು. ಬೈಯುತ್ತ ಎದ್ದರು, ಒಬ್ಬ ಅವನ ಅಂಗಿ ಹಿಡಿದ.

"ಹುಚ್ಚು ಹಿಡಿದಿದೆಯೇನೋ ಮುದಿಯಾ?"

"ಹಿಡಿದಿದೆ. ಮೇಲೆ ರಸ್ತೆಗೆ ಬಾ, ಅಲ್ಲಿ ಹೊಡಿ ನನ್ನ."

ಪಾನ್ ಧ್ವನಿವರ್ಧಕದಲ್ಲಿ ಕೂಗಿ ಕೂಗಿ ದನಿ ಒಡೆದುಕೊಂಡಿದ್ದ. ಹೊಳೆ ದಡದ ಬಳಿ ಇನ್ನೂ ಮೊಣಕಾಲಿನಷ್ಟೇ ಇತ್ತು, ಆದರೆ ಕಟ್ಟೆಯ ಮೇಲ್ಗಡೆಯಿಂದ ಬರುವ ಅದರ ಸದ್ದು ಬದಲಾಗಿತ್ತು. ಅದು ಎಲ್ಲರಿಗೂ ಕೇಳಿಸಿದ ಮೇಲೆ ನಗುವವರು ಉಳಿಯಲಿಲ್ಲ. ಒಮ್ಮೆಲೇ ಎಲ್ಲರೂ ಓಡತೊಡಗಿದರು.

ಕಟ್ಟೆಯ ಮೇಲೆ ಪೇ-ರೂ ಒಬ್ಬಳೇ ನಿಂತಿದ್ದಳು. ನೀರು ಕೆಂಪು ಗೆರೆಯ ಕಡೆಗೆ ಕಣ್ಣೆದುರೇ ಏರುತ್ತಿತ್ತು. ಈಗ ಅದರಲ್ಲಿ ಇಡೀ ಮರಗಳಿದ್ದವು. ತೆರೆದರೆ ನಡುಗಡ್ಡೆಯವರು ಕೊಚ್ಚಿಹೋಗುತ್ತಾರೆ. ತೆರೆಯದಿದ್ದರೆ ಗೇಟುಗಳು ತಾವಾಗಿ ಮಲಗಿ ದಂಡೆಯಲ್ಲಿ ಓಡುತ್ತಿರುವವರೂ ಹೋಗುತ್ತಾರೆ. ಅವಳು ಪಾನ್‌ಗೆ ಫೋನು ಮಾಡಿದಳು.

"ನಡುಗಡ್ಡೇಲಿ ಎಷ್ಟು ಜನ?"

"ಒಂದು ಸಂಸಾರ. ಚಿಕ್ಕ ಮಕ್ಕಳು. ಜಿನ್-ಶುಯಿ ಅಣ್ಣ ನೀರಿಗಿಳಿದಿದಾರೆ, ಹಗ್ಗ ಕಟ್ಟಿದೀವಿ. ಸ್ವಲ್ಪ ತಡೀರಿ ಇಂಜಿನಿಯರಮ್ಮ."

"ತಡೆಯೋಕಾಗಲ್ಲ. ನಡುಗಡ್ಡೆ ಯಾವ ದಡಕ್ಕೆ ಹತ್ರ?"

"ಈ ಕಡೆ, ರಸ್ತೆ ಕಡೆಗೆ."

"ಹಾಗಾದ್ರೆ ಆಚೆ ದಡದ ಕೊನೇ ಗೇಟು ಒಂದು ಮೊಳ ಬಿಡ್ತೀನಿ. ನೀರು ಆ ದಡ ಹಿಡ್ಕೊಂಡು ಹೋಗುತ್ತೆ. ನಿಮ್ಮ ಕಡೆ ಏರಿದ್ರೆ ಕೂಗಿ, ನಿಲ್ಲಿಸ್ತೀನಿ."

ಅವಳು ಹೀಗೆ ಹಿಂದೆ ಎಂದೂ ಮಾಡಿರಲಿಲ್ಲ. ಜಿನ್-ಶುಯಿಯನ್ನು ಕೇಳಬೇಕೆನ್ನಿಸಿತು. ಆದರೆ ಅವನು ಸೊಂಟದ ತನಕ ನೀರಿನಲ್ಲಿದ್ದ. ಅವಳು ಆಚೆಯ ಗೇಟು ಒಂದು ಮೊಳ ಇಳಿಸಿ ತೆರೆದಳು. ಕಂದು ನೀರು ದೂರದ ದಡವನ್ನು ಉಜ್ಜುತ್ತ ಇಳಿಯಿತು. ಫೋನಿನಲ್ಲಿ ಪಾನ್‌ನ ಉಸಿರು ಮಾತ್ರ ಕೇಳಿಸುತ್ತಿತ್ತು.

"ಏರ್ತಿದೆಯಾ?"

"ಇಲ್ಲ... ಸ್ವಲ್ಪ. ಮೊದಲನೇ ಮಗು ಬಂತು. ಎರಡನೇದು ಅಣ್ಣನ ಹೆಗಲ ಮೇಲಿದೆ."

ಕೆಂಪು ಗೆರೆಗೂ ನೀರಿಗೂ ನಡುವೆ ನಾಲ್ಕು ಬೆರಳು ಉಳಿಯಿತು. ಆಮೇಲೆ ಎರಡು. ಅವಳು ಉಳಿದ ಗೇಟುಗಳ ಗುಂಡಿಗಳ ಮೇಲೆ ಕೈಯಿಟ್ಟುಕೊಂಡು ನಿಂತಳು.

"ಪಾನ್ ಅಣ್ಣ."

"ತಾಯಿ ಬಂದ್ಲು. ಗಂಡನೂ ಹಗ್ಗ ಹಿಡಿದಿದಾನೆ. ಇನ್ನೊಂಚೂರು. ಜಿನ್-ಶುಯಿ ಅಣ್ಣ ಬಿದ್ರು... ಇಲ್ಲ, ಎಳ್ಕೊಂಡ್ವಿ. ಎಳ್ಕೊಂಡ್ವಿ. ಬಿಡಿ, ಈಗ ಬಿಡಿ."

ಅವಳು ಎಲ್ಲ ಗೇಟುಗಳನ್ನೂ ಬಿಟ್ಟಳು. ಕಾಲ ಕೆಳಗಿನ ಕಟ್ಟೆ ಅದುರಿತು. ನಡುಗಡ್ಡೆ ಇದ್ದ ಜಾಗ ನೋಡನೋಡುತ್ತ ಮಾಯವಾಯಿತು. ಕುರ್ಚಿ, ಐಸಿನ ಪೆಟ್ಟಿಗೆ, ಬಣ್ಣದ ಕೊಡೆಗಳು ಉರುಳುತ್ತ ಹೋದವು. ಒಬ್ಬ ತನ್ನ ವ್ಯಾನು ತರುತ್ತೇನೆಂದು ರಸ್ತೆಯಿಂದ ಮತ್ತೆ ಇಳಿದಿದ್ದ. ವ್ಯಾನು ಹೋಯಿತು, ಅವನು ಒಂದು ಮರಕ್ಕೆ ಅಂಟಿಕೊಂಡ. ಅಗ್ನಿಶಾಮಕದವರು ಅವನನ್ನು ಇಳಿಸುವಷ್ಟರಲ್ಲಿ ಸಂಜೆಯಾಯಿತು. ಜಿನ್-ಶುಯಿಗೆ ಪಕ್ಕೆಲುಬು ಬಿರುಕು ಬಿಟ್ಟಿತ್ತು. ಸತ್ತವರು ಯಾರೂ ಇರಲಿಲ್ಲ.

ಯುಮಿನ್‌ನ ಕರೆ ಬಂದದ್ದು ಮೇಲಿನ ಹಳ್ಳಿಯ ಪೊಲೀಸ್ ಚೌಕಿಯಿಂದ. ಕೊಠಡಿಯ ಫೋನಿನಲ್ಲಿ ಉತ್ತರ ಸರಿ ಬರುತ್ತಿಲ್ಲ ಎಂದು ಅವನು ಕುಸಿದ ರಸ್ತೆಯಲ್ಲಿ ಓಡಿಕೊಂಡೇ ಅಲ್ಲಿಗೆ ಹೋಗಿದ್ದ.

"ಬದುಕಿದೀರಾ?" ಅಂದ. ಅವಳು ಹೂಂ ಅಂದ ಮೇಲೆ ದನಿ ಏರಿಸಿದ. "ಯಾರ್ರೀ ಅದು ಮುದುಕಿ? ಮೊದಲನೇ ಸಲ ಹೂಂ ಹೂಂ ಅಂದ್ಲು, ನಿಮ್ಮಲ್ಲಿ ಹೊಸದಾಗಿ ಯಾರೋ ಸೇರಿದಾರೆ ಅಂದ್ಕೊಂಡೆ. ಇಂಜಿನಿಯರಿಗೆ ಕೊಡಿ ಅಂದ್ರೆ ಊಟ ಆಯ್ತಾ ಅಂತಾಳೆ. ಇಲ್ಲಿ ಸೇತುವೇನೇ ಹೋಯ್ತು, ನನಗೆ ಊಟ."

"ತಪ್ಪು ನಂದು ಯುಮಿನ್," ಅಂದಳು ಪೇ-ರೂ. "ನಾಳೆ ಎಷ್ಟು ಬೇಕಾದ್ರೂ ಬೈಯಿ. ಈಗ ಅಲ್ಲಿ ನೀರು ಎಷ್ಟಿದೆ ಹೇಳು." ಅವನು ಹೇಳಿದ.

ಆ ಸಂಜೆಯೇ ಅವಳು ನಾಲ್ಕನೆಯ ಫೋನನ್ನು ಲೈನಿನಿಂದ ತೆಗೆದಳು. ಮುಖ್ಯ ಕಚೇರಿಯವರು ವಿಚಾರಣೆಗೆ ಬರುತ್ತಾರೆಂದು ತಿಳಿದ ಮೇಲೆ ಆಸ್ಪತ್ರೆಗೆ ಹೋದಳು. ಜಿನ್-ಶುಯಿ ಎದೆಗೆ ಪಟ್ಟಿ ಸುತ್ತಿಕೊಂಡು ಒರಗಿದ್ದ.

"ನಂದೂ ತಪ್ಪಿದೆ," ಅಂದ. "ಫೋನು ತಗೊಂಡೋನು ಇಟ್ಕೋಬೇಕಿತ್ತು, ಇಲ್ಲಾ ವಾಪಸ್ ಕೊಡ್ಬೇಕಿತ್ತು. ನಿನ್ನ ಜೊತೆ ನನ್ನನ್ನೂ ಕರೆಸ್ಲಿ, ಬರ್ತೀನಿ. ಆದ್ರೆ ಅಮ್ಮನ ಸುದ್ದಿ ಎತ್ತಬೇಡ. ಪತ್ರಿಕೆಯವರು ಮನೆ ಬಾಗಿಲಿಗೆ ಬರ್ತಾರೆ. ಅವಳಿಗೆ ಗೊತ್ತಾದ್ರೆ ಆಮೇಲೆ ಯಾರ ಹತ್ರಾನೂ ಮಾತಾಡಲ್ಲ, ನನಗೆ ಗೊತ್ತು."

"ಸುಳ್ಳು ಹೇಳೋಕಾಗಲ್ಲ ಅಣ್ಣ."

"ಸುಳ್ಳು ಹೇಳು ಅಂದ್ನಾ?"

ವಿಚಾರಣೆಯ ದಿನ ಮೂವರು ಹಿರಿಯ ಅಧಿಕಾರಿಗಳು ಕೂತಿದ್ದರು, ಪಕ್ಕದಲ್ಲಿ ಶಾವ್. ಪೇ-ರೂ ಎದ್ದು ನಿಂತು ಎಲ್ಲವನ್ನೂ ಹೇಳಿದಳು: ಫೋನು ಜೋಡಿಸಿದ್ದು ತಾನು, ತೆಗೆ ಎಂದಾಗ ಒಪ್ಪಿ ತೆಗೆಯದಿದ್ದದ್ದು ತಾನು, ಅಪ್ಪಣೆಯಿಲ್ಲದೆ ಸೈರನ್ ಹಾಕಿದ್ದೂ ತಾನು.

"ಆ ಫೋನು ಎತ್ತಿದ್ದು ಯಾರು?" ಎಂದು ನಡುವೆ ಕೂತವರು ಕೇಳಿದರು.

"ಕಚೇರಿಗೆ ಸಂಬಂಧವಿಲ್ಲದವರು. ಅವರ ಮನೆಯಲ್ಲಿ ಫೋನು ಬಡಿಯಿತು, ಅವರು ಎತ್ತಿದರು. ಅದು ಅಲ್ಲಿ ಬಡಿಯಲೇಬಾರದಿತ್ತು."

"ಹೆಸರು?"

ಪೇ-ರೂ ಹೆಸರು ಹೇಳಲಿಲ್ಲ. ಶಾವ್ ಗಂಟಲು ಸರಿಮಾಡಿಕೊಂಡ. ಅವನು ತನ್ನನ್ನು ಮುಳುಗಿಸುತ್ತಾನೆ ಎಂದೇ ಅವಳು ತಿಳಿದಿದ್ದಳು.

"ಹೆಸರಿನ ಅಗತ್ಯ ಕಾಣ್ತಿಲ್ಲ ಸರ್," ಅಂದ ಶಾವ್. "ತೆಗಿ ಅಂತ ಹೇಳಿದ್ದು ನಾನು. ತೆಗೆದಳಾ ಅಂತ ನೋಡದೇ ಇದ್ದೋನೂ ನಾನೇ. ಆ ದಿನ ಐದು ನಿಮಿಷ ಕಾಯಿ ಅಂದಿದ್ದೆ. ಅವಳು ಕಾದಿದ್ರೆ ನಾವಿಲ್ಲಿ ಬೇರೆ ಲೆಕ್ಕ ಮಾತಾಡ್ತಿದ್ವಿ."

ಪೇ-ರೂಗೆ ಶಿಕ್ಷೆ ತಪ್ಪಲಿಲ್ಲ. ಬಡ್ತಿ ತಡೆದರು, ಬಯಲುಸೀಮೆಯ ನಾಲೆ ಕಚೇರಿಗೆ ವರ್ಗ ಮಾಡಿದರು. ಶಾವ್‌ಗೂ ಒಂದು ಎಚ್ಚರಿಕೆ ಬಂತು. ಸೈರನ್ನಿನ ನಿಯಮ ಬದಲಾಯಿತು, ಕಟ್ಟೆಯ ಮೇಲೆ ನಿಂತವರಿಗೇ ಅದನ್ನು ಒತ್ತುವ ಹಕ್ಕು ಬಂತು.

ಹೊರಡುವ ಮುನ್ನ ಅವಳು ಜಿನ್-ಶುಯಿಯ ಮನೆಗೆ ಹೋದಳು. ಅಜ್ಜಿ ಅಡುಗೆಮನೆಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಈ ವಯಸ್ಸಿನಲ್ಲಿ ಹೊಳೆಯಲ್ಲಿ ಜಾರಿ ಪಕ್ಕೆ ಮುರಿದುಕೊಂಡ ಎಂದು ಮಗನನ್ನು ಬೈಯುತ್ತಿದ್ದಳು. ಜಿನ್-ಶುಯಿ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ. ಪೇ-ರೂ ಒಂದು ಸ್ಟೂಲು ಎಳೆದುಕೊಂಡು ಅಜ್ಜಿಯ ಪಕ್ಕ ಕೂತು, ತಾನೂ ಒಂದು ಹಿಡಿ ಸೊಪ್ಪು ತೆಗೆದುಕೊಂಡಳು. ಬಸ್ಸಿಗೆ ಇನ್ನೂ ಹೊತ್ತಿತ್ತು.